ಜಿಮ್ ಸೇರಿದ ಮೇಲೆ ಏರಿದ ತೂಕ ಯಾವುದರದ್ದು?

ಪ್ರಶ್ನೆ: ನನಗೆ 28 ವರ್ಷ, ಊರು ದಾವಣಗೆರೆ. ಆರು ವಾರದಿಂದ, ವಾರಕ್ಕೆ ಐದು ದಿನ ಜಿಮ್‌ನಲ್ಲಿ ಭಾರ ಎತ್ತುತ್ತಿದ್ದೇನೆ. ತೂಕ 60 ಇದ್ದದ್ದು 62.2 ಕೆಜಿ ಆಗಿದೆ, ಜೀನ್ಸ್ ಬಿಗಿಯಾಗಿದೆ. ಟ್ರೇನರ್ ‘ಎಲ್ಲಾ ಮಸಲ್, ಖುಷಿ ಪಡಿ’ ಅನ್ನುತ್ತಾರೆ. ಅತ್ತೆ ‘ದುಡ್ಡು ಕೊಟ್ಟು ದಪ್ಪ ಆಗ್ತಿದ್ದೀಯ’ ಅನ್ನುತ್ತಾರೆ. ಟ್ರೇನರ್ ಹೇಳಿದಂತೆ ಜಿಮ್ ಮುಗಿಸಿ ಬಂದು ಸಕ್ಕರೆ ಹಾಕಿದ ಬಾಳೆಹಣ್ಣಿನ ಮಿಲ್ಕ್‌ಶೇಕ್ ಕುಡಿದು, ಎರಡು ಶೇಂಗಾ ಚಿಕ್ಕಿ ತಿನ್ನುತ್ತೇನೆ. ಯಾರ ಮಾತು ನಂಬಲಿ?

ಉತ್ತರ: ಇಬ್ಬರದ್ದೂ ಬೇಡ. ಒಂದು ಟೇಪು ತಗೊಳ್ಳಿ, ದರ್ಜಿಯವರು ಬಳಸುವಂಥದ್ದು. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಟ್ರೇನರ್ ಮಾತು. ಇದನ್ನು ಕೇಳಿ ಕೇಳಿ ನನಗೆ ಸಿಟ್ಟು ಬಂದಿದೆ. ಹೊಸದಾಗಿ ಶುರು ಮಾಡಿದ ಹೆಂಗಸರಿಗೆ, ಊಟ ನಿದ್ದೆ ಎಲ್ಲ ಸರಿಯಿದ್ದರೂ, ತಿಂಗಳಿಗೆ ಅರ್ಧ ಕೆಜಿ ಸ್ನಾಯು ಬೆಳೆದರೆ ಅದೇ ಜಾಸ್ತಿ. ಗಂಡಸರಿಗೆ ಹೆಚ್ಚುಕಡಿಮೆ ಅದರ ಎರಡರಷ್ಟು. ಹಾಗಿರುವಾಗ ಆರು ವಾರಕ್ಕೆ 2.2 ಕೆಜಿ ಪೂರ್ತಿ ಸ್ನಾಯು ಅಂದರೆ ಲೆಕ್ಕ ಕೂಡುವುದಿಲ್ಲ. ‘ಆದರೆ ನಾನು ಎತ್ತುವ ಭಾರ ದುಪ್ಪಟ್ಟಾಗಿದೆ’ ಅನ್ನಬಹುದು ನೀವು. ಆಗಿರುತ್ತದೆ, ಸಂತೋಷ. ಆದರೆ ಮೊದಲ ವಾರಗಳಲ್ಲಿ ಬರುವ ಈ ಬಲ ಬಹುಪಾಲು ನರಗಳದ್ದು. ಇರುವ ಸ್ನಾಯುವನ್ನೇ ಚೆನ್ನಾಗಿ ದುಡಿಸುವುದನ್ನು ಮೈ ಕಲಿಯುತ್ತದೆ. ಸ್ನಾಯು ದಪ್ಪ ಆಗುವುದು ಆಮೇಲೆ, ನಿಧಾನಕ್ಕೆ.

ಹಾಗಾದರೆ ಅತ್ತೆ ಹೇಳಿದ್ದು ನಿಜವಾ? ಅದೂ ಪೂರ್ತಿ ಅಲ್ಲ. ನೀರನ್ನು ಇಬ್ಬರೂ ಮರೆತಿದ್ದಾರೆ. ಭಾರ ಎತ್ತಲು ಶುರು ಮಾಡಿದಾಗ ಸ್ನಾಯು ತನ್ನೊಳಗೆ ಗ್ಲೈಕೋಜೆನ್ ಎಂಬ ಸಕ್ಕರೆಯ ದಾಸ್ತಾನನ್ನು ಹೆಚ್ಚಿಸಿಕೊಳ್ಳುತ್ತದೆ, ಅದರ ಪ್ರತಿ ಗ್ರಾಂ ಜೊತೆಗೆ ಸುಮಾರು 3 ಗ್ರಾಂ ನೀರೂ ಬಂದು ಕೂರುತ್ತದೆ. ಜೊತೆಗೆ ಮೈಕೈ ನೋವು ಬಂದಾಗ ಆ ಜಾಗ ಸ್ವಲ್ಪ ಊದಿಕೊಂಡಿರುತ್ತದೆ, ಅದೂ ನೀರೇ. ಹೀಗೆ ಮೊದಲ ಎರಡು ಮೂರು ವಾರದಲ್ಲೇ ಒಂದು ಕೆಜಿ ಏರಬಹುದು. ಕ್ರಿಯೇಟಿನ್ ಎಂಬ ಜಿಮ್ ಪುಡಿ ತಗೊಳ್ಳುವವರಿಗೆ ಇನ್ನೂ ಒಂದು ಕೆಜಿ ಸೇರಬಹುದು. ಮುಟ್ಟಿನ ಹಿಂದಿನ ದಿನಗಳಲ್ಲಿ ಏರುವುದು ಬೇರೆ. ಇದಕ್ಕೆಲ್ಲ ಗಾಬರಿ ಬೇಡ.

ಈಗ ಚಿಕ್ಕಿ, ಮಿಲ್ಕ್‌ಶೇಕ್ ಲೆಕ್ಕ. ಒಂದು ಲೋಟ ಗಟ್ಟಿ ಹಾಲು, ಬಾಳೆಹಣ್ಣು, ಎರಡು ಚಮಚ ಸಕ್ಕರೆ, ಎರಡು ಚಿಕ್ಕಿ ಸೇರಿದರೆ ಸುಮಾರು 500 ಕ್ಯಾಲೊರಿ. ಒಂದು ಗಂಟೆ ಭಾರ ಎತ್ತಿದರೆ ನಿಮ್ಮ ತೂಕದವರಿಗೆ ಖರ್ಚಾಗುವುದು 200ರಿಂದ 250 ಅಷ್ಟೇ. ಮನೆಯ ಊಟ ಮೊದಲಿನಷ್ಟೇ ಇದ್ದರೆ ಜಿಮ್‌ಗೆ ಹೋದ ದಿನವೆಲ್ಲ 250 ಉಳಿಯಿತು. ವಾರಕ್ಕೆ ಐದರಂತೆ ಆರು ವಾರದ 30 ದಿನಕ್ಕೆ 7,500. ಒಂದು ಕೆಜಿ ಕೊಬ್ಬು ಅಂದರೆ ಸುಮಾರು 7,700. ನಿಮ್ಮ 2.2 ಕೆಜಿಯಲ್ಲಿ ಒಂದು ಕೆಜಿಯ ಹತ್ತಿರ ಕೊಬ್ಬೇ ಇರಬಹುದು ಅಂತ ನನಗೆ ಅನ್ನಿಸುವುದು ಇದಕ್ಕೇ. ಉಳಿದದ್ದು ನೀರು, ಸ್ವಲ್ಪ ಸ್ನಾಯು. ಹಾಲು, ಬಾಳೆಹಣ್ಣು ಇರಲಿ. ಸಕ್ಕರೆ, ಚಿಕ್ಕಿ ಬಿಡಿ. ಊಟ ಬಿಡುವ ಹುಚ್ಚು ಮಾತ್ರ ಬೇಡ. ಹೊಟ್ಟೆಗೆ ಸರಿಯಾಗಿ ಹಾಕದೆ ಭಾರ ಎತ್ತಿದರೆ ಸ್ನಾಯು ಎಲ್ಲಿಂದ ಬರಬೇಕು? ಕಾಳು, ಮೊಟ್ಟೆ, ಮೊಸರು ಜಾಸ್ತಿ ಮಾಡಿ.

ಇನ್ನು ಟೇಪು. ಬೆಳಿಗ್ಗೆ ಶೌಚ ಮುಗಿಸಿ, ಏನೂ ತಿನ್ನದೆ, ಉಸಿರು ಬಿಟ್ಟು, ಹೊಕ್ಕುಳಿನ ಮಟ್ಟದಲ್ಲಿ ಅಳೆಯಿರಿ. ಹೊಟ್ಟೆ ಒಳಗೆ ಎಳೆದುಕೊಳ್ಳಬೇಡಿ, ಟೇಪಿಗೆ ಮೋಸ ಮಾಡಿ ಏನು ಸಿಗುತ್ತದೆ? ತೊಡೆ, ತೋಳನ್ನೂ ಅಳೆದು ಬರೆದಿಡಿ. ಎರಡು ವಾರಕ್ಕೊಮ್ಮೆ ಸಾಕು. ತೂಕವನ್ನು ದಿನಾ ನೋಡಿದರೂ ವಾರದ ಸರಾಸರಿಯನ್ನಷ್ಟೇ ನಂಬಿ, ಯಾಕೆಂದರೆ ದಿನದಿಂದ ದಿನಕ್ಕೆ ಒಂದು ಕೆಜಿ ಆಚೀಚೆ ಆಗುವುದು ಮಾಮೂಲು. ಎತ್ತುವ ಭಾರ ಏರುತ್ತಾ ಇದ್ದು, ತೊಡೆ ತೋಳು ತುಂಬಿಕೊಂಡು, ಹೊಟ್ಟೆಯ ಸುತ್ತಳತೆ ಇದ್ದಲ್ಲೇ ಇದ್ದರೆ ಅಥವಾ ಇಳಿದರೆ, ತೂಕ ಏನೇ ಹೇಳಲಿ, ನೀವು ಸರಿ ದಾರಿಯಲ್ಲಿದ್ದೀರಿ. ತಿಂಗಳು ಎರಡು ತಿಂಗಳು ಹೊಟ್ಟೆಯ ಅಳತೆ ಏರುತ್ತಲೇ ಇದ್ದರೆ ಅದು ಕೊಬ್ಬು. ಜೀನ್ಸ್ ಎಲ್ಲಿ ಬಿಗಿ ಅಂತ ನೀವು ಬರೆದಿಲ್ಲ, ಅದೇ ಮುಖ್ಯವಾದ ಮಾತು. ತೊಡೆಯಲ್ಲಾ, ಗುಂಡಿಯ ಹತ್ತಿರವಾ?

ಒಂದು ಎಚ್ಚರಿಕೆ. ಎರಡು ಮೂರು ದಿನದಲ್ಲಿ ಎರಡು ಕೆಜಿ ಏರಿ, ಕಾಲು ಒತ್ತಿದರೆ ಗುಳಿ ಬೀಳುತ್ತಿದ್ದರೆ ಟೇಪು ಹಿಡಿದು ಕೂರಬೇಡಿ, ಡಾಕ್ಟರ್ ಹತ್ತಿರ ಹೋಗಿ. ವಿಪರೀತ ಭಾರ ಎತ್ತಿದ ಮರುದಿನ ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಆಗಲೇ ಆಸ್ಪತ್ರೆಗೆ ಹೋಗಿ. ಸ್ನಾಯು ಒಡೆದು ಕಿಡ್ನಿಗೆ ಏಟು ಬೀಳಬಹುದು. ಈ ವಿಷಯದಲ್ಲಿ ನಾನು ಅತಿ ಜಾಗ್ರತೆ ಅಂತ ಜೊತೆಯ ವೈದ್ಯರು ಹೇಳುತ್ತಾರೆ, ಹೇಳಲಿ.

ಪ್ರಶ್ನೆ: ಜಿಮ್ ಬಿಟ್ಟರೆ ಸ್ನಾಯು ಕೊಬ್ಬಾಗುತ್ತದಂತೆ, ನಿಜವಾ?

ಉತ್ತರ: ಇಲ್ಲ. ಎರಡೂ ಬೇರೆ ಬೇರೆ ಅಂಗಾಂಶ, ಒಂದು ಇನ್ನೊಂದಾಗುವುದಿಲ್ಲ.

ಪ್ರಶ್ನೆ: ಮನೆಯ ಸ್ಮಾರ್ಟ್ ತೂಕದ ಯಂತ್ರ ಒಂದೇ ರಾತ್ರಿಯಲ್ಲಿ ಕೊಬ್ಬು ಎರಡು ಪರ್ಸೆಂಟ್ ಏರಿದೆ ಅನ್ನುತ್ತಿದೆ.

ಉತ್ತರ: ಅದು ಪಾದದಿಂದ ಸಣ್ಣ ಕರೆಂಟ್ ಹರಿಸಿ ಅಂದಾಜು ಮಾಡುತ್ತದೆ. ನೀರು ಕುಡಿದರೂ ಕುಡಿಯದಿದ್ದರೂ ಅಂದಾಜು ಬದಲಾಗುತ್ತದೆ.

ಪ್ರಶ್ನೆ: ಜಿಮ್‌ನವರು ತಿಂಗಳಲ್ಲಿ ಆರು ಕೆಜಿ ಬರುತ್ತೆ ಅಂತ ಹೆಸರಿಲ್ಲದ ಮಾತ್ರೆ ಕೊಟ್ಟಿದ್ದಾರೆ, ಮುಖವೂ ತುಂಬಿಕೊಂಡಿದೆ. ಮುಂದುವರಿಸಲಾ?

ಉತ್ತರ: ಬೇಡ. ಅದರಲ್ಲಿ ಕಾರ್ಟಿಸೋನ್ ಜಾತಿಯ ಸ್ಟೀರಾಯ್ಡ್ (ಬಾಡಿಬಿಲ್ಡರ್‌ಗಳು ಸ್ನಾಯು ಬೆಳೆಸಲು ತಗೊಳ್ಳುವುದಲ್ಲ) ಇದ್ದರೆ ಮುಖ ತುಂಬಿದ್ದು ನೀರು, ಕೊಬ್ಬಿನಿಂದ. ಅಂಥ ಸ್ಟೀರಾಯ್ಡ್ ಸ್ನಾಯುವನ್ನು ಕರಗಿಸುತ್ತದೆ, ಬೆಳೆಸುವುದಿಲ್ಲ. ಆದರೆ ತುಂಬಾ ದಿನ ತಗೊಂಡಿದ್ದರೆ ದಿಢೀರ್ ನಿಲ್ಲಿಸುವುದೂ ಅಪಾಯ. ಮಾತ್ರೆಯ ಸಮೇತ ಈ ವಾರವೇ ಫಿಸಿಷಿಯನ್ ಹತ್ತಿರ ಹೋಗಿ, ಎಷ್ಟು ದಿನದಿಂದ ತಗೊಂಡಿದ್ದೀರಿ ಅಂತ ಮುಚ್ಚಿಡದೆ ಹೇಳಿ.