ಕಪ್ಪಾದ ತಾಮ್ರದ ತಂತಿಯನ್ನೇ ಮೊದಲು ನೋಡಿ
ನೀವು ಕೇಳಿರುವಂತೆ, 2006ರಲ್ಲಿ ಕಟ್ಟಿದ ನಿಮ್ಮ ಫ್ಲಾರಿಡಾದ ಮನೆಯಲ್ಲಿ ಕೊಳೆತ ಮೊಟ್ಟೆಯ ವಾಸನೆಯಿದ್ದು, ಏಸಿಯ ಕಾಯಿಲ್ (ಗಾಳಿ ತಂಪಾಗಿಸುವ ಕೊಳವೆಯ ಸುರುಳಿ) ಎರಡನೇ ಬಾರಿ ಕೆಟ್ಟಿರುವುದಕ್ಕೆ ಗಂಧಕದ ಅನಿಲ ಬಿಡುವ ದೋಷಯುಕ್ತ ಡ್ರೈವಾಲ್ (ಗೋಡೆಗೆ ಹೊದಿಸುವ ಜಿಪ್ಸಂ) ಹಲಗೆಗಳೇ ಕಾರಣವಿರಬೇಕು. ಆದರೆ ವಾಸನೆಯೊಂದನ್ನೇ ನಂಬಿ ತೀರ್ಮಾನಿಸಲಾಗದು. ಚರಂಡಿಯ ಅನಿಲವೂ ಹಾಗೆಯೇ ನಾರುತ್ತದೆ.

ಮೇನ್ ಸ್ವಿಚ್ ಆರಿಸಿ, ಎಲೆಕ್ಟ್ರಿಷಿಯನ್‌ನಿಂದ ಒಂದು ಸಾಕೆಟ್ ಬಿಚ್ಚಿಸಿ, ಹೊದಿಕೆಯಿಲ್ಲದ ಅರ್ತಿಂಗ್ ತಂತಿಯನ್ನು ನೋಡಿ: ಹಳತಾದ ತಾಮ್ರ ಸಾಮಾನ್ಯವಾಗಿ ಕಂದುಬಣ್ಣಕ್ಕೆ ತಿರುಗುತ್ತದೆ, ಇಂಥ ಹಲಗೆಗಳಿರುವ ಮನೆಯಲ್ಲಿ ಮಾತ್ರ ಮಸಿ ಬಳಿದಂತೆ ಕಪ್ಪಾಗಿರುತ್ತದೆ. ನಮ್ಮ ಮನೆಯಲ್ಲಿ ಆ ಮಸಿ ಬೆರಳಿಗೂ ಅಂಟಿತ್ತು. ಕಪ್ಪಾಗಿದ್ದರೆ ಫೋಟೊ ತೆಗೆದಿಟ್ಟುಕೊಂಡು, ಹಲಗೆಯ ತುಣುಕುಗಳನ್ನು ಪ್ರಯೋಗಾಲಯಕ್ಕೆ ಕೊಟ್ಟು, ಧಾತುರೂಪದ ಗಂಧಕ 10 ಪಿಪಿಎಂ (ಹತ್ತು ಲಕ್ಷದಲ್ಲಿ ಹತ್ತು ಭಾಗ) ಮೀರಿದೆಯೇ ಎಂದು ಪರೀಕ್ಷಿಸಿ.

ದೃಢಪಟ್ಟರೆ ಮೇಲೆ ಬಣ್ಣ ಬಳಿದು ಫಲವಿಲ್ಲ. ಹಲಗೆಗಳ ಜೊತೆಗೆ ಹೊಗೆ ಮತ್ತು ಕಾರ್ಬನ್ ಮಾನಾಕ್ಸೈಡ್ ಅಲಾರಂಗಳನ್ನು, ಸ್ವಿಚ್, ಸಾಕೆಟ್, ಬ್ರೇಕರ್‌ಗಳನ್ನೂ ದಯವಿಟ್ಟು ಬದಲಾಯಿಸಿ.