ಯಾವ ತಾರೀಖಿಂದ ಕತೆ ಶುರು ಮಾಡ್ತೀರಿ?

ಓದುಗರ ಪ್ರಶ್ನೆ, ಅಂಕಣಕಾರರ ಉತ್ತರ

ಇಸ್ರೇಲ್-ಪ್ಯಾಲೆಸ್ತೀನ್ ಬಗ್ಗೆ ತುಂಬಾ ಪ್ರಶ್ನೆ ಬಂದಿವೆ, ಹಾಗಾಗಿ ಈ ಸಲ ಅವನ್ನೇ ಒಟ್ಟಿಗೆ ತಗೊಂಡಿದೀನಿ. ಒಂದೇ ಥರದ ಪ್ರಶ್ನೆಗಳಿದ್ರೆ ಸೇರಿಸಿದೀನಿ.

ಪ್ರಶ್ನೆ: ಸರ್, ನಮ್ಮಕ್ಕ ಇಸ್ರೇಲಲ್ಲಿ ವಯಸ್ಸಾದವ್ರನ್ನ ನೋಡ್ಕೊಳ್ಳೋ ಕೇರ್‌ಗಿವರ್ ಕೆಲ್ಸದಲ್ಲಿದಾಳೆ. ಫ್ರೆಂಡ್ಸ್ ಜೊತೆ ಗಾಜಾ ವಿಷ್ಯ ಬಂದ್ರೆ ಸಾಕು, ಒಬ್ಬ ‘ನೀನು ಬಯಾಸ್ಡ್, ನಿನ್ ಜೊತೆ ಮಾತಾಡಿ ಪ್ರಯೋಜನ ಇಲ್ಲ’ ಅಂತಾನೆ. ಅವ್ನು ನೋಡೋ ಚಾನೆಲ್ ಪೂರ್ತಿ ಆ ಕಡೆ ಅಂತ ನಂಗನ್ಸುತ್ತೆ, ನಾನು ನೋಡೋದು ಪೂರ್ತಿ ಈ ಕಡೆ ಅಂತ ಅವ್ನಂತಾನೆ. ಯಾರು ಸರಿ? – ಓದುಗರೊಬ್ಬರು, ಉಡುಪಿ

ಉತ್ತರ: ನಿಮ್ಮಿಬ್ಬರ ಈ ಜಗಳದ ಮೇಲೆ ಒಂದು ಸ್ಟಡಿನೇ ಆಗಿದೆ, ಅದೂ ಇದೇ ವಿಷಯ ಇಟ್ಕೊಂಡು. 1982ರ ಸೆಪ್ಟೆಂಬರಲ್ಲಿ ಬೈರೂತಿನ ಸಾಬ್ರಾ, ಶತೀಲಾ ಅನ್ನೋ ಕಡೆ ಲೆಬನಾನಿನ ಫಲಾಂಜ್ ಅನ್ನೋ ಕ್ರೈಸ್ತ ಸಶಸ್ತ್ರ ಪಡೆಯವರು ನೂರಾರು ಪ್ಯಾಲೆಸ್ತೀನಿಯರನ್ನ ಕೊಂದ್ರು, ಆಗ ಸುತ್ತ ಕಾವಲಿದ್ದದ್ದು ಇಸ್ರೇಲಿ ಸೇನೆ. ಆ ಸುದ್ದಿಯ ಟೀವಿ ತುಣುಕುಗಳನ್ನ ಅಮೆರಿಕದ ಸ್ಟ್ಯಾನ್‌ಫರ್ಡಲ್ಲಿ ಇಸ್ರೇಲ್ ಪರ ಇದ್ದ ಹುಡುಗರಿಗೂ ಅರಬ್ಬರ ಪರ ಇದ್ದ ಹುಡುಗರಿಗೂ ತೋರಿಸಿದ್ರು. ಎಲ್ರೂ ನೋಡಿದ್ದು ಅದೇ ತುಣುಕುಗಳು. ಇಸ್ರೇಲ್ ಪರದವರು ‘ಸುದ್ದಿ ಇಸ್ರೇಲಿಗೆ ವಿರುದ್ಧವಾಗಿದೆ’ ಅಂದ್ರು, ಅರಬ್ಬರ ಪರದವರು ‘ಇಸ್ರೇಲಿನ ಪರವಾಗಿದೆ’ ಅಂದ್ರು. 1985ರಲ್ಲಿ ಅದು ಪ್ರಕಟ ಆಯ್ತು. ನನ್ನನ್ನ ತುಂಬಾ ಕಾಡಿದ್ದು ಅದ್ರಲ್ಲಿರೋ ಇನ್ನೊಂದು ವಿಷ್ಯ: ವಿಷಯ ಹೆಚ್ಚು ತಿಳ್ಕೊಂಡಿದ್ದವರಿಗೇ ಬಯಾಸ್ ಹೆಚ್ಚು ಕಂಡಿತ್ತು. ಅಂದ್ರೆ ಜಾಸ್ತಿ ಓದಿಬಿಟ್ರೆ ಪಕ್ಷಪಾತ ತಾನಾಗೇ ಹೋಗುತ್ತೆ ಅನ್ನೋ ಹಾಗೇನಿಲ್ಲ, ಓದಿದ್ದೆಲ್ಲ ನಮ್ಮ ಕಡೆಗೇ ವಕಾಲತ್ತು ಮಾಡೋಕೆ ಬರುತ್ತೆ.

ಹಾಗಂತ ಚಾನೆಲ್‌ಗಳು ಪಕ್ಷಪಾತ ಮಾಡಲ್ಲ ಅಂತ ನಾನು ಹೇಳ್ತಿಲ್ಲ, ಮಾಡ್ತವೆ, ಕೆಲವು ನಾಚಿಕೆ ಬಿಟ್ಟು ಮಾಡ್ತವೆ. ಆದ್ರೆ ‘ನಂಗೆ ಹಾಗನ್ಸುತ್ತೆ’ ಅನ್ನೋದೇ ಅದಕ್ಕೆ ಸಾಕ್ಷಿ ಆಗಲ್ಲ. ಇನ್ನು ನಿಮ್ಮಕ್ಕ ಅಲ್ಲಿದಾರೆ ಅನ್ನೋ ಕಾರಣಕ್ಕೆ ನಿಮ್ಮ ಮಾತಿಗೆ ಬೆಲೆ ಇಲ್ಲ ಅನ್ನೋದನ್ನ ಒಪ್ಕೋಬೇಡಿ. ಸೈರನ್ ಹೊಡ್ಕೊಂಡಾಗ ಅಜ್ಜಿಯೊಬ್ಬರನ್ನ ಕೈ ಹಿಡ್ಕೊಂಡು ಶೆಲ್ಟರಿಗೆ ಕರ್ಕೊಂಡು ಹೋಗೋ ಹೆಣ್ಣುಮಗಳಿಗೆ ಗೊತ್ತಿರೋದು ನಮಗ್ಯಾರಿಗೂ ಗೊತ್ತಿರಲ್ಲ. ಜೊತೆಗೆ ಅವರಿಗೆ ಕಾಣದೇ ಇರೋದೂ ಇರುತ್ತೆ, ಗಡಿಯಾಚೆ ಗಾಜಾದಲ್ಲಿ ಅದೇ ವಯಸ್ಸಿನ ಅಜ್ಜಿ ಶೆಲ್ಟರೇ ಇಲ್ದೆ ಟೆಂಟಲ್ಲಿರೋದು. ನಿಮ್ಮ ಫ್ರೆಂಡ್ ಅದನ್ನ ಹೇಳಿದ್ರೆ ಅದು ನಿಮ್ಮಕ್ಕನ ವಿರುದ್ಧ ಹೇಳಿದ ಹಾಗಲ್ಲ.

ಪ್ರಶ್ನೆ: ಒಬ್ರು 2023ರ ಅಕ್ಟೋಬರ್ 7ರ ಹಮಾಸ್ ದಾಳಿಯಿಂದ ಶುರು ಮಾಡ್ತಾರೆ, ಇನ್ನೊಬ್ರು ಇಸ್ರೇಲ್ ಹುಟ್ಟಿದ 1948ರಿಂದ. ಸರಿಯಾದ ಆರಂಭ ಯಾವ್ದು? – ಕಲಬುರಗಿಯ ಪದವಿ ವಿದ್ಯಾರ್ಥಿನಿ

ಉತ್ತರ: ನನ್ನ ಪ್ರಕಾರ ಈ ವಾದಗಳಲ್ಲಿ ಪಕ್ಷಪಾತ ನುಸುಳೋದೇ ಈ ಬಾಗಿಲಿಂದ. ಯಾವ ತಾರೀಖಿಂದ ಶುರು ಮಾಡ್ತೀವೋ ಅದ್ರ ಮೇಲೆ ಯಾರು ಮೊದಲು ಹೊಡೆದ್ರು, ಯಾರು ತಿರುಗಿ ಹೊಡೆದ್ರು ಅನ್ನೋದು ಮೊದ್ಲೇ ತೀರ್ಮಾನ ಆಗಿರುತ್ತೆ.

ನೋಡಿ, 1929 ಅಂದ್ರೆ ಹೆಬ್ರಾನ್‌ನಲ್ಲಿ ಅರಬ್ಬರ ಗುಂಪುಗಳು 67 ಜನ ಯಹೂದಿಗಳನ್ನ ಕೊಂದ್ವು, ಇಸ್ರೇಲ್ ಅನ್ನೋ ದೇಶ ಹುಟ್ಟೋಕೆ ಇನ್ನೂ ಹತ್ತೊಂಬತ್ತು ವರ್ಷ ಇತ್ತು. ಅದೇ ಊರಲ್ಲಿ ಕೆಲವು ಅರಬ್ ಕುಟುಂಬಗಳು ಯಹೂದಿ ನೆರೆಯವರನ್ನ ಮನೆಯೊಳಗೆ ಬಚ್ಚಿಟ್ಟು ಉಳಿಸಿದ್ವು, ಅದನ್ನ ಎರಡೂ ಕಡೆಯವರು ಹೇಳೋದು ಕಮ್ಮಿ. 1948ರ ಏಪ್ರಿಲ್ 9 ಅಂದ್ರೆ ದೇರ್ ಯಾಸಿನ್, ಯಹೂದಿ ಸಶಸ್ತ್ರ ಗುಂಪುಗಳು ಒಂದು ಪ್ಯಾಲೆಸ್ತೀನಿ ಹಳ್ಳಿಯಲ್ಲಿ ನೂರರಷ್ಟು ಜನರನ್ನ ಕೊಂದ್ರು, ನಾಲ್ಕೇ ದಿನಕ್ಕೆ ಹದಾಸಾ ಆಸ್ಪತ್ರೆಗೆ ಹೋಗ್ತಿದ್ದ ಡಾಕ್ಟರ್, ನರ್ಸ್‌ಗಳಿದ್ದ ವಾಹನಗಳ ಮೇಲೆ ಅರಬ್ಬರ ದಾಳಿ ಆಗಿ 70ಕ್ಕೂ ಹೆಚ್ಚು ಜನ ಸತ್ರು. ಆ ಯುದ್ಧದಲ್ಲಿ ಸುಮಾರು 7 ಲಕ್ಷ ಪ್ಯಾಲೆಸ್ತೀನಿಯರು ಮನೆ ಕಳ್ಕೊಂಡ್ರು, ಅವರು ಅದನ್ನ ನಕ್ಬಾ ಅಂತಾರೆ, ವಾಪಸ್ ಬರೋಕೆ ಅವರನ್ನ ಬಿಡ್ಲಿಲ್ಲ. ಮುಂದಿನ ವರ್ಷಗಳಲ್ಲಿ ಇರಾಕ್, ಯೆಮನ್, ಈಜಿಪ್ಟಿಂದ ಲಕ್ಷಾಂತರ ಯಹೂದಿಗಳು ಆಸ್ತಿಪಾಸ್ತಿ ಬಿಟ್ಟು ಬಂದ್ರು. 1967ರಿಂದ ಶುರು ಮಾಡಿದ್ರೆ ಪ್ಯಾಲೆಸ್ತೀನಿಯರಿರೋ ವೆಸ್ಟ್ ಬ್ಯಾಂಕನ್ನ ಇಸ್ರೇಲ್ ವಶ ಮಾಡ್ಕೊಂಡಿದ್ದು, ಅಲ್ಲಿ ಈಗ್ಲೂ ಏಳ್ತಾ ಇರೋ ಯಹೂದಿ ವಸಾಹತುಗಳು. 1994ರಿಂದ ಅಂದ್ರೆ ಫೆಬ್ರವರಿಯಲ್ಲಿ ಬರೂಕ್ ಗೋಲ್ಡ್‌ಸ್ಟೈನ್ ಅನ್ನೋ ಯಹೂದಿ ವಸಾಹತುಗಾರ ಹೆಬ್ರಾನ್ ಮಸೀದಿಯಲ್ಲಿ ಪ್ರಾರ್ಥನೆ ಮಾಡ್ತಿದ್ದ 29 ಜನರನ್ನ ಗುಂಡಿಟ್ಟು ಕೊಂದ, ಏಪ್ರಿಲಲ್ಲಿ ಹಮಾಸ್ ಆಫುಲಾದಲ್ಲಿ ಬಸ್ಸಿನ ಹತ್ರ ಬಾಂಬ್ ಸಿಡಿಸ್ತು.

ಇಷ್ಟೆಲ್ಲಾ ಯಾಕೆ ಹೇಳಿದೆ ಅಂದ್ರೆ, ಇದ್ರಲ್ಲಿ ಬರೀ ಅರ್ಧ ಹೇಳಿದ್ರೂ ಸುಳ್ಳು ಹೇಳಿದ ಹಾಗಾಗಲ್ಲ, ಆದ್ರೂ ಕೇಳಿದವರಿಗೆ ಮೋಸ ಆಗುತ್ತೆ. ಹಿನ್ನೆಲೆ ತಿಳ್ಕೊಳ್ಳೋದು ಬೇರೆ, ಆ ಹಿನ್ನೆಲೆಯಿಂದ ಒಂದು ಕೊಲೆಯನ್ನ ಸಮರ್ಥಿಸೋದು ಬೇರೆ. 2023ರ ಅಕ್ಟೋಬರ್ 7ರಂದು ಹಮಾಸ್ ಸುಮಾರು 1,200 ಜನರನ್ನ ಕೊಂದು 251 ಜನರನ್ನ ಎಳ್ಕೊಂಡು ಹೋಗಿದ್ದಕ್ಕೆ ನಕ್ಬಾ ಉತ್ತರ ಆಗಲ್ಲ. ಅದಾದ್ಮೇಲೆ ಗಾಜಾದಲ್ಲಿ, ಅಲ್ಲಿನ ಆರೋಗ್ಯ ಇಲಾಖೆ ಲೆಕ್ಕದಲ್ಲಿ, ಸತ್ತವರು 60,000 ದಾಟಿದ್ದಕ್ಕೆ, ಊಟ ತಡೆದು ಬರಗಾಲ ಬರೋ ಹಾಗೆ ಮಾಡಿದ್ದಕ್ಕೆ ಅಕ್ಟೋಬರ್ 7 ಉತ್ತರ ಆಗಲ್ಲ. ಈ ಎರಡು ವಾಕ್ಯನೂ ಒಂದೇ ಉಸಿರಲ್ಲಿ ಹೇಳೋಕೆ ಆಗುತ್ತೆ, ನಾನು ಹೇಳ್ತೀನಿ, ಹೇಳಿದಾಗೆಲ್ಲ ಎರಡೂ ಕಡೆಯಿಂದ ಬೈಗುಳ ಬರುತ್ತೆ.

2024ರ ಮೇ ತಿಂಗಳು ನೆನಪಿದ್ಯಾ? ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದ ಪ್ರಾಸಿಕ್ಯೂಟರ್ ಇಸ್ರೇಲಿನ ಆಗಿನ ಪ್ರಧಾನಿ ನೆತನ್ಯಾಹು, ರಕ್ಷಣಾ ಸಚಿವ ಗ್ಯಾಲಂಟ್ ಇಬ್ರ ಮೇಲೂ, ಹಮಾಸಿನ ಮೂವರು ನಾಯಕರ ಮೇಲೂ ಒಂದೇ ದಿನ ವಾರಂಟ್ ಕೇಳಿದ್ರು. ನಮ್ಮನ್ನ ಭಯೋತ್ಪಾದಕರ ಜೊತೆ ಹೋಲಿಸ್ತೀರಾ ಅಂತ ಇಸ್ರೇಲ್ ಸರ್ಕಾರ ಸಿಟ್ಟಾಯ್ತು, ಬಲಿಪಶುನ ಕೊಲೆಗಾರನ ಜೊತೆ ಸಮ ಮಾಡ್ತೀರಾ ಅಂತ ಹಮಾಸ್ ಸಿಟ್ಟಾಯ್ತು. ಅವತ್ತು ನಿಮ್ಮ ಸುತ್ತಮುತ್ತ ಯಾರು ಯಾವ ಅರ್ಧ ಸುದ್ದಿ ಮಾತ್ರ ಹಂಚ್ಕೊಂಡ್ರು ಅಂತ ನೋಡಿದ್ರೆ ಸಾಕಿತ್ತು, ಯಾರ ಮನಸ್ಸು ಎಲ್ಲಿದೆ ಅಂತ ಗೊತ್ತಾಗ್ತಿತ್ತು.

ಪ್ರಶ್ನೆ: ಈಗ ಇಸ್ರೇಲಲ್ಲಿರೋ ಹೈಫಾ ಊರನ್ನ ಗೆದ್ದವರು ನಮ್ಮ ಮೈಸೂರು ಲ್ಯಾನ್ಸರ್ಸ್ ಕುದುರೆ ಪಡೆ. ಹಾಗಿದ್ಮೇಲೆ ಕನ್ನಡಿಗರು ಇಸ್ರೇಲ್ ಜೊತೆ ನಿಲ್ಲೋದೇ ಸರಿ ಅಲ್ವಾ? – ಓದುಗರು, ಬೆಂಗಳೂರು

ಉತ್ತರ: 1918ರ ಸೆಪ್ಟೆಂಬರ್ 23ರಂದು ಮೈಸೂರು, ಜೋಧಪುರ ಲ್ಯಾನ್ಸರ್‌ಗಳು ಕುದುರೆ ಮೇಲೆ ಹೋಗಿ ಹೈಫಾ ಗೆದ್ದಿದ್ದು ನಿಜ, ಬೆಂಗಳೂರಿನ ಜೆ.ಸಿ. ನಗರದಲ್ಲಿ ಲ್ಯಾನ್ಸರ್‌ಗಳ ಸ್ಮಾರಕ ಇದೆ, ಹೋಗಿ ನೋಡಿ, ಹೆಮ್ಮೆ ಪಡಿ. ಆದ್ರೆ ಅವರು ಬ್ರಿಟಿಷರ ಪರವಾಗಿ ತುರ್ಕಿಯ ಒಟ್ಟೋಮನ್ ಸಾಮ್ರಾಜ್ಯದ ವಿರುದ್ಧ ಹೋರಾಡಿದ್ದು. ಇಸ್ರೇಲ್ ಹುಟ್ಟಿದ್ದು ಅದಾಗಿ ಮೂವತ್ತು ವರ್ಷಕ್ಕೆ, ಹೈಫಾದಲ್ಲಿ ಆಗ ಇದ್ದವರಲ್ಲಿ ಹೆಚ್ಚಿನವರು ಅರಬ್ಬರು. ಸತ್ತ ಆ ಸೈನಿಕರ ಹೆಸರಲ್ಲಿ ಈಗ ಯಾರ ಪರವಾಗೂ ವೋಟ್ ಹಾಕ್ಸೋದು ಬೇಡ.

ಭಾರತದ ನಿಲುವು ಅಂತ ಕೇಳೋದಾದ್ರೆ ಅದೂ ಒಂದೇ ಗೆರೆಯಲ್ಲಿ ಬಂದಿಲ್ಲ. 1947ರಲ್ಲಿ ವಿಶ್ವಸಂಸ್ಥೆಯಲ್ಲಿ ವಿಭಜನೆ ವಿರುದ್ಧ ಮತ ಹಾಕಿದ್ವಿ, 1950ರಲ್ಲಿ ಇಸ್ರೇಲನ್ನ ಮಾನ್ಯ ಮಾಡಿದ್ವಿ, 1988ರಲ್ಲಿ ಪ್ಯಾಲೆಸ್ತೀನ್ ರಾಷ್ಟ್ರವನ್ನ ಮಾನ್ಯ ಮಾಡಿದ್ವಿ, 1992ರಲ್ಲಿ ಇಸ್ರೇಲ್ ಜೊತೆ ಪೂರ್ತಿ ರಾಯಭಾರ ಸಂಬಂಧ ಶುರು ಮಾಡಿದ್ವಿ.

ನಂಗೆ ನಿಜವಾಗ್ಲೂ ನೋವಾಗೋದು ಬೇರೆ ವಿಷಯಕ್ಕೆ. ನಮ್ಮಲ್ಲಿ ಈ ವಾದ ಶುರುವಾದ ಎರಡೇ ನಿಮಿಷಕ್ಕೆ ಹಿಂದೂ-ಮುಸ್ಲಿಂ ಜಗಳ ಆಗಿಬಿಡುತ್ತೆ, ಮೈಕ್ ಹಿಡಿದವರ ಹೆಸರು ನೋಡಿದ್ರೇ ಏನ್ ಹೇಳ್ತಾರೆ ಅಂತ ಊಹಿಸ್ಬಹುದು. ಆಗ ಅಲ್ಲಿನ ಜನ ಮಾಯ ಆಗ್ತಾರೆ. ಬೆತ್ಲೆಹೆಮ್ಮಿನ ಪ್ಯಾಲೆಸ್ತೀನಿ ಕ್ರೈಸ್ತರು ಯಾರ ಲೆಕ್ಕಕ್ಕೂ ಬರಲ್ಲ, ಗಾಜಾದ ಹಳೇ ಚರ್ಚಿನ ಆವರಣಕ್ಕೆ ಬಾಂಬ್ ಬಿದ್ದು ಅಲ್ಲಿ ಆಶ್ರಯ ಪಡೆದವರು ಸತ್ತಿದ್ದು ಗೊತ್ತೇ ಇರಲ್ಲ. ಅಕ್ಟೋಬರ್ 7ರಂದು ಹಮಾಸ್ ಕೊಂದವರಲ್ಲಿ ಬೆಡೊಯಿನ್ ಮುಸ್ಲಿಮರೂ ಇದ್ರು, ತೋಟದ ಕೆಲಸಕ್ಕೆ ಬಂದಿದ್ದ ಥಾಯ್ಲೆಂಡಿನ ಬಡ ಹುಡುಗರೂ ಇದ್ರು. ಇಸ್ರೇಲಿ ಪ್ರಜೆಗಳಲ್ಲಿ ಐದರಲ್ಲಿ ಒಬ್ರು ಅರಬ್ಬರು. ಅಲ್ಲಿನ ಸಾವನ್ನ ಇಲ್ಲಿನ ಜಗಳಕ್ಕೆ ಸೌದೆ ಮಾಡ್ಕೊಳ್ಳೋದು ಸತ್ತವರಿಗೆ ಮಾಡೋ ಅವಮಾನ ಅಂತ ನಂಗನ್ಸುತ್ತೆ, ಎರಡೂ ಕಡೆಯವರಿಗೆ ಇದನ್ನ ಕೈಮುಗಿದು ಹೇಳ್ತೀನಿ.

ಪ್ರಶ್ನೆ: ಯಾವ ಸುದ್ದಿ ನಂಬೋದು, ಯಾವ್ದು ಫೇಕ್? – ಶಿವಮೊಗ್ಗ

ಉತ್ತರ: ಮೊದಲ ದಿನದ ಸುದ್ದಿಯನ್ನ ಪೂರ್ತಿ ನಂಬ್ಬೇಡಿ, ಅದು ನಿಮಗೆ ಇಷ್ಟ ಆಗೋ ಥರ ಇದ್ರೆ ಇನ್ನೂ ನಂಬ್ಬೇಡಿ. 2023ರ ಅಕ್ಟೋಬರ್ 17ಕ್ಕೆ ಗಾಜಾದ ಅಲ್ ಅಹ್ಲಿ ಆಸ್ಪತ್ರೆಯಲ್ಲಿ ಸ್ಫೋಟ ಆದಾಗ ದೊಡ್ಡ ದೊಡ್ಡ ಪತ್ರಿಕೆಗಳೇ ಇಸ್ರೇಲ್ ದಾಳಿ, 500 ಸಾವು ಅಂತ ಹಮಾಸ್ ಕಡೆಯ ಮಾತನ್ನ ಹೆಡ್‌ಲೈನ್ ಮಾಡಿದ್ವು, ಆಮೇಲೆ ಅಮೆರಿಕದ ಗುಪ್ತಚರರು ಅದು ದಾರಿ ತಪ್ಪಿದ ಪ್ಯಾಲೆಸ್ತೀನಿ ರಾಕೆಟ್ ಇರೋ ಸಾಧ್ಯತೆನೇ ಹೆಚ್ಚು ಅಂದ್ರು. ಅದೇ ತಿಂಗಳು ಹಮಾಸಿನವರು 40 ಮಕ್ಕಳ ತಲೆ ಕಡಿದ್ರು ಅನ್ನೋ ಸುದ್ದಿ ಜಗತ್ತೆಲ್ಲ ಓಡಾಡ್ತು, ಅದಕ್ಕೆ ಪುರಾವೆ ಸಿಗಲೇ ಇಲ್ಲ. 2025ರ ಮಾರ್ಚಲ್ಲಿ ರಫಾ ಹತ್ರ ಇಸ್ರೇಲಿ ಸೈನಿಕರು 15 ಜನ ಆಂಬುಲೆನ್ಸ್, ಪರಿಹಾರ ಸಿಬ್ಬಂದಿಯನ್ನ ಕೊಂದ್ರು, ಲೈಟ್ ಹಾಕದೇ ಅನುಮಾನ ಬರೋ ಥರ ಬಂದ್ರು ಅಂತ ಸೇನೆ ಹೇಳ್ತು. ಸತ್ತವರೊಬ್ಬರ ಫೋನಲ್ಲಿ ವಿಡಿಯೊ ಸಿಕ್ತು, ಲೈಟ್ ಉರೀತಾನೇ ಇತ್ತು, ಸೇನೆ ಮಾತು ಬದಲಾಯಿಸ್ಬೇಕಾಯ್ತು.

ಈ ಮೂರರಲ್ಲಿ ಯಾವುದಕ್ಕೆ ತಕ್ಷಣ ‘ಪ್ರೂಫ್ ಎಲ್ಲಿ’ ಅಂತ ಕೇಳಿದ್ರಿ, ಯಾವುದನ್ನ ಕೇಳದೇ ಫಾರ್ವರ್ಡ್ ಮಾಡಿದ್ರಿ ಅಂತ ಯೋಚ್ನೆ ಮಾಡಿ. ಪುರಾವೆ ಕೇಳೋದು ತಪ್ಪಲ್ಲ, ಒಂದೇ ಕಡೆಯವರ ಹೆಣಕ್ಕೆ ಮಾತ್ರ ಕೇಳೋದು ತಪ್ಪು. ಓದೋಕೆ ಇಸ್ರೇಲಿನ ಹಾರೆಟ್ಸ್, ಟೈಮ್ಸ್ ಆಫ್ ಇಸ್ರೇಲ್ ಎರಡೂ ನೋಡಿ, ಒಂದೇ ದೇಶದ ಪತ್ರಿಕೆಗಳಾದ್ರೂ ಎಷ್ಟು ಬೇರೆ ಅಂತ ಗೊತ್ತಾಗುತ್ತೆ. ಅಲ್ ಜಜೀರಾನೂ ನೋಡಿ, ಅದು ಕತಾರ್ ದುಡ್ಡಲ್ಲಿ ನಡೆಯೋದು ಅನ್ನೋದು ಗೊತ್ತಿದ್ರೆ ಸಾಕು.

ಪ್ರಶ್ನೆ: ನಾನು ಹೈಸ್ಕೂಲ್ ಟೀಚರ್. ಈ ವಿಷಯದ ಮೇಲೆ ಚರ್ಚಾಸ್ಪರ್ಧೆ ಇಡೋಣ ಅಂತಿದೀವಿ, ಪರ-ವಿರೋಧ ಹೇಗೆ ಹಂಚೋದು? – ಹಾಸನ

ಉತ್ತರ: ಮೇಡಂ, ಸ್ಪರ್ಧೆ ಬೇಡ. ಗೆಲ್ಬೇಕು ಅಂತ ನಿಂತ ಮಗು ತನ್ನ ಪರ ಇರೋ ಸಾವನ್ನಷ್ಟೇ ಹುಡುಕುತ್ತೆ, ಎದುರಿನವರ ಸಾವನ್ನ ಸಣ್ಣದು ಮಾಡೋದು ಕಲಿಯುತ್ತೆ, ಬಹುಮಾನನೂ ಅದಕ್ಕೇ ಕೊಟ್ಟಂಗಾಗುತ್ತೆ.

ಅದ್ರ ಬದ್ಲು ಒಂದು ದಾರಿ ಹೇಳ್ತೀನಿ. ಸಾಮಿ ಅದ್ವಾನ್ ಅನ್ನೋ ಪ್ಯಾಲೆಸ್ತೀನಿ ಪ್ರೊಫೆಸರ್, ಡ್ಯಾನ್ ಬಾರ್-ಆನ್ ಅನ್ನೋ ಇಸ್ರೇಲಿ ಪ್ರೊಫೆಸರ್ ಸೇರಿ ಎರಡೂ ಕಡೆ ಟೀಚರ್‌ಗಳ ಕೈಲಿ ಒಂದು ಇತಿಹಾಸ ಪಾಠ ಬರೆಸಿದ್ರು. ಪುಟದ ಒಂದು ಬದಿ ಇಸ್ರೇಲಿಗಳು ಹೇಳೋ ಕತೆ, ಇನ್ನೊಂದು ಬದಿ ಪ್ಯಾಲೆಸ್ತೀನಿಯರು ಹೇಳೋ ಕತೆ, ಮಧ್ಯೆ ಖಾಲಿ ಜಾಗ, ಅಲ್ಲಿ ವಿದ್ಯಾರ್ಥಿ ತಾನೇ ಬರೀಬೇಕು. ಎರಡನ್ನೂ ಕಲಸಿ ಒಂದು ಮಾಡೋಕೆ ಅವರು ಹೋಗ್ಲಿಲ್ಲ, ಅದೇ ಅದ್ರ ದೊಡ್ಡತನ. ಇಸ್ರೇಲಿನ ಶಿಕ್ಷಣ ಇಲಾಖೆ ಶಾಲೆಯಲ್ಲಿ ಅದನ್ನ ಬಳಸೋಕೆ ಬಿಡ್ಲಿಲ್ಲ.

ನೀವು ಬೋರ್ಡ್ ಮೇಲೆ ಹಾಗೇ ಮೂರು ಕಾಲಂ ಹಾಕಿ. 1948 ಒಂದೇ ವರ್ಷ ತಗೊಳ್ಳಿ, ಸಾಕು, ಎರಡು ಪೀರಿಯಡ್ ಹಿಡಿಯುತ್ತೆ. ಇಸ್ರೇಲಿ ಕಾಲಂ ಬರೆದ ಮಕ್ಕಳು ಮಾರನೇ ದಿನ ಪ್ಯಾಲೆಸ್ತೀನಿ ಕಾಲಂ ಬರೀಲಿ, ಪ್ಯಾಲೆಸ್ತೀನಿ ಕಾಲಂ ಬರೆದವರು ಇಸ್ರೇಲಿದು ಬರೀಲಿ. ಮಧ್ಯದ್ದಕ್ಕೆ ಮಾರ್ಕ್ಸ್ ಕೊಡ್ಬೇಡಿ. ಯಾರಾದ್ರೂ ಮಗು ‘ನಂಗೆ ಏನ್ ಬರೀಬೇಕು ಗೊತ್ತಾಗ್ತಿಲ್ಲ ಮಿಸ್’ ಅಂದ್ರೆ ಖಾಲಿ ಬಿಡೋಕೆ ಹೇಳಿ, ಮುಂದಿನ ವಾರ ಬರೆದ್ರಾಯ್ತು.