ಕೆರೆಯ ಮೀನು ಸತ್ತದ್ದು ವಿಷದಿಂದಲ್ಲ, ಉಸಿರು ಸಿಗದೆ

ಬೇಸಿಗೆಯ ಕೊನೆಯಿಂದ ಮುಂಗಾರಿನ ಆರಂಭದವರೆಗೆ ನನಗೆ ಬರುವ ಪತ್ರಗಳಲ್ಲಿ ಹೆಚ್ಚಿನವು ಒಂದೇ ಪ್ರಶ್ನೆಯನ್ನು ಊರಿನ ಹೆಸರು ಬದಲಿಸಿ ಕೇಳುತ್ತವೆ. ಈ ಬಾರಿ ಅದನ್ನೇ ಮೊದಲು ಎತ್ತಿಕೊಂಡು, ಉಳಿದವಕ್ಕೆ ಅವುಗಳಿಗೆ ತಕ್ಕಷ್ಟೇ ಜಾಗ ಕೊಡುತ್ತೇನೆ.

ಪ್ರಶ್ನೆ: ಮೊದಲ ಮಳೆ ಬಿದ್ದ ಮರುದಿನ ಬೆಳಿಗ್ಗೆ ನಮ್ಮ ಕೆರೆಯಲ್ಲಿ ಕಾಟ್ಲಾ, ರೋಹು ಮೀನುಗಳು ರಾಶಿಯಾಗಿ ಸತ್ತು ತೇಲುತ್ತಿದ್ದವು. ಯಾರೋ ವಿಷ ಹಾಕಿದ್ದಾರೆಂದು ಎಲ್ಲರೂ ಹೇಳುತ್ತಿದ್ದಾರೆ. ನಿಂಬೆ ಸಿಪ್ಪೆಯ ಎಂಜೈಮ್ ಸುರಿದರೆ ಇನ್ನು ಮುಂದೆ ಹೀಗಾಗುವುದಿಲ್ಲವೆಂದು ಒಬ್ಬರು ಸಲಹೆ ಕೊಟ್ಟಿದ್ದಾರೆ. ಸುರಿಯಬಹುದೇ?

ಉತ್ತರ: ಸುರಿಯಬೇಡಿ. ಕಾರಣವನ್ನು ಆಮೇಲೆ ಹೇಳುತ್ತೇನೆ; ಮೊದಲು ವಿಷದ ಮಾತು ಮುಗಿಸೋಣ.

ನಿಮ್ಮ ಪತ್ರದಲ್ಲಿಯೇ ಮೂರು ಸುಳಿವುಗಳಿವೆ. ಸಾವು ಕಂಡದ್ದು ಬೆಳಗಿನ ಹೊತ್ತು; ಹಿಂದಿನ ದಿನ ಮೋಡ ಕವಿದು ಮಳೆಯಾಗಿತ್ತು; ಸತ್ತವುಗಳಲ್ಲಿ ದೊಡ್ಡ ಮೀನುಗಳೇ ಹೆಚ್ಚೆಂದು ನೀವೇ ಬರೆದಿದ್ದೀರಿ. ಕೀಟನಾಶಕ ಬಿದ್ದ ನೀರಿನಲ್ಲಿ ಸಾವಿಗೆ ಹೊತ್ತು ಗೊತ್ತಿಲ್ಲ, ಮರಿಗಳೂ ಉಳಿಯುವುದಿಲ್ಲ, ನೀರಿನ ಹುಳುಗಳೂ ಸಾಯುತ್ತವೆ. ಆಮ್ಲಜನಕ ಕಡಿಮೆಯಾದಾಗ ಮಾತ್ರ ದೊಡ್ಡ ಮೀನು ಮೊದಲು ಸಾಯುತ್ತದೆ. ಗಾಳಿಯನ್ನೇ ನೇರವಾಗಿ ಉಸಿರಾಡಬಲ್ಲ ಕೊರವ ಮೀನಿಗೆ ಏನೂ ಆಗುವುದಿಲ್ಲ. ಸತ್ತ ರಾಶಿಯಲ್ಲಿ ಕೊರವ ಇತ್ತೇ ಎಂದು ಬಲೆ ಹಾಕುವವರನ್ನು ಕೇಳಿ ನೋಡಿ.

ಆಮ್ಲಜನಕ ಇಲ್ಲವಾದದ್ದು ಹೇಗೆ? ನಿಮ್ಮ ಕೆರೆಗೆ ಚರಂಡಿಯ ನೀರು ವರ್ಷಗಳಿಂದ ಸೇರುತ್ತಿದೆ ಎಂಬುದನ್ನು ಪತ್ರದ ಕೊನೆಯಲ್ಲಿ, ಅದೇನೂ ದೊಡ್ಡ ವಿಷಯವಲ್ಲವೆಂಬಂತೆ, ಒಂದೇ ಸಾಲಿನಲ್ಲಿ ಬರೆದಿದ್ದೀರಿ. ಅದರಲ್ಲಿರುವ ಸಾರಜನಕ ಮತ್ತು ರಂಜಕ ಪಾಚಿಗೆ ಗೊಬ್ಬರ. ನೀರು ಹಸಿರಾಗುವಷ್ಟು ಬೆಳೆದ ಪಾಚಿ ಹಗಲಿನಲ್ಲಿ ಆಮ್ಲಜನಕ ಬಿಡುತ್ತದೆ ನಿಜ, ಆದರೆ ರಾತ್ರಿಯಲ್ಲಿ ಅದೂ ಮೀನಿನಂತೆಯೇ ಉಸಿರಾಡುತ್ತದೆ. ತಳದ ಕೆಸರಿನಲ್ಲಿರುವ ಬ್ಯಾಕ್ಟೀರಿಯಾ ಹಗಲು ರಾತ್ರಿಯೆನ್ನದೆ ಉಸಿರಾಡುತ್ತಲೇ ಇರುತ್ತವೆ. 25 ಡಿಗ್ರಿ ಸೆಲ್ಸಿಯಸ್ಸಿನ ನೀರು ಸಮುದ್ರಮಟ್ಟದಲ್ಲಿ ಹಿಡಿದಿಟ್ಟುಕೊಳ್ಳುವ ಆಮ್ಲಜನಕವೇ ಲೀಟರಿಗೆ ಸುಮಾರು 8 ಮಿಲಿಗ್ರಾಂ, ಬೆಂಗಳೂರಿನ ಎತ್ತರದಲ್ಲಿ ಅದಕ್ಕಿಂತ ಇನ್ನೂ ಕಡಿಮೆ. ಇಷ್ಟು ಸಣ್ಣ ಗಂಟನ್ನು ರಾತ್ರಿಯಿಡೀ ಎಲ್ಲರೂ ಸೇರಿ ಖರ್ಚು ಮಾಡಿದರೆ ಬೆಳಗಿನ ಜಾವಕ್ಕೆ ಬರಿದಾಗದೆ ಇರುತ್ತದೆಯೇ? ಹಿಂದಿನ ದಿನ ಮೋಡವಿದ್ದುದರಿಂದ ಗಳಿಕೆ ಕಡಿಮೆಯಾಗಿತ್ತು; ಮೊದಲ ಮಳೆ ಚರಂಡಿಗಳಲ್ಲಿ ತಿಂಗಳುಗಟ್ಟಲೆ ಕೂತಿದ್ದ ಕೊಳೆಯನ್ನು ತಂದು ಸುರಿದು, ತಳದ ಕೆಸರನ್ನೂ ಕದಡಿತು. 2016ರ ಮಾರ್ಚಿನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಮೀನುಗಳು ರಾಶಿರಾಶಿಯಾಗಿ ಸತ್ತಾಗಲೂ ನೀರಿನಲ್ಲಿ ಆಮ್ಲಜನಕ ಕುಸಿದಿತ್ತು.

ಇದರಲ್ಲಿ ಮೀನು ಬಿಡುವವರ ಪಾಲೂ ಇದೆ, ಅದನ್ನು ಯಾರೂ ಒಪ್ಪುವುದಿಲ್ಲ. ಪಾಚಿಯನ್ನು ಮೇಯುವುದು ಕಣ್ಣಿಗೆ ಕಾಣುವುದೇ ಕಷ್ಟವಾದ ನೀರುಚಿಗಟದಂಥ ಸೂಕ್ಷ್ಮ ಪ್ರಾಣಿಗಳು. ಕಾಟ್ಲಾದ ಮುಖ್ಯ ಆಹಾರವೇ ಈ ಪ್ರಾಣಿಗಳು. ಕೆರೆ ತಾಳುವುದಕ್ಕಿಂತ ಹೆಚ್ಚು ಕಾಟ್ಲಾ ಬಿಟ್ಟರೆ ಮೇಯುವವರು ಮುಗಿದು ಪಾಚಿಗೆ ತಡೆ ಇಲ್ಲದಂತಾಗುತ್ತದೆ. ಸಾಮಾನ್ಯ ಗೆಂಡೆಯಂತೂ ತಳವನ್ನು ಕೆದಕಿ, ನೀರೊಳಗಿನ ಗಿಡಗಳನ್ನು ಕಿತ್ತು, ಕೆಸರಿನಲ್ಲಿ ಕೂತಿದ್ದ ರಂಜಕವನ್ನು ಮತ್ತೆ ನೀರಿಗೆ ಬಿಡುತ್ತದೆ. ಹಿಂದೆ ಬೇಸಿಗೆಯಲ್ಲಿ ಕೆರೆಯ ಹೂಳನ್ನು ಗಾಡಿಗಳಲ್ಲಿ ಹೊಲಕ್ಕೆ ಸಾಗಿಸುತ್ತಿದ್ದಾಗ ಈ ರಂಜಕ ರಾಗಿಗೆ ಸೇರುತ್ತಿತ್ತು. ಈಗ ಅದು ಕೆರೆಯಲ್ಲಿಯೇ ಸುತ್ತುತ್ತಿದೆ.

ಇನ್ನು ಎಂಜೈಮ್. ಬೆಲ್ಲ ಒಂದು ಪಾಲು, ಸಿಪ್ಪೆ ಮೂರು ಪಾಲು, ನೀರು ಹತ್ತು ಪಾಲು ಎಂಬ ಆ ಪ್ರಸಿದ್ಧ ಲೆಕ್ಕ ನನಗೂ ಬಾಯಿಪಾಠವಾಗಿದೆ. ಅದರಿಂದ ನಿಮ್ಮ ಮನೆಯ ನೆಲ ಒರೆಸಿಕೊಳ್ಳಿ, ನನ್ನ ತಕರಾರಿಲ್ಲ. ಆದರೆ ಒಂದು ಕಿಲೋ ಬೆಲ್ಲದ ಸಕ್ಕರೆ ನೀರಿನಲ್ಲಿ ಪೂರ್ತಿ ಕರಗಿ ಕೊಳೆಯಲು ಹತ್ತಿರ ಹತ್ತಿರ ಒಂದು ಕಿಲೋ ಆಮ್ಲಜನಕ ಬೇಕು; ಅದು ಒಂದು ಲಕ್ಷ ಲೀಟರಿಗೂ ಹೆಚ್ಚು ನೀರಿನಲ್ಲಿರುವ ಅಷ್ಟೂ ಆಮ್ಲಜನಕ. ಹುಳಿ ಬಂದ ಮಾತ್ರಕ್ಕೆ ಆ ಬೇಡಿಕೆ ಹೋಗಿಬಿಡುವುದಿಲ್ಲ. ಉಸಿರುಗಟ್ಟಿ ಸಾಯುತ್ತಿರುವ ಕೆರೆಗೆ ಡ್ರಮ್ಮುಗಟ್ಟಲೆ ಬೆಲ್ಲದ ನೀರು ಹೊಯ್ಯುವುದನ್ನು ಸೇವೆಯೆಂದು ಫೋಟೋ ತೆಗೆಸಿಕೊಳ್ಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಬ್ಯಾಕ್ಟೀರಿಯಾದ ಪುಡಿ ಮಾರುವವರದ್ದೂ ಇದೇ ಕಥೆ: ಕೊಳೆ ಒಳಗೆ ಬರುತ್ತಿರುವವರೆಗೆ ಕೆರೆಯಲ್ಲಿ ಬ್ಯಾಕ್ಟೀರಿಯಾಕ್ಕೆ ಬರವಿಲ್ಲ.

ಮಾಡಬೇಕಾದದ್ದು ಇಷ್ಟು. ಸತ್ತ ಮೀನನ್ನು ಅದೇ ದಿನ ತೆಗೆದು ನೀರಿನಿಂದ ದೂರ ಹೂಳಿ. ಯಾರೂ ತಿನ್ನುವುದೂ ಮಾರುವುದೂ ಬೇಡ. ಕೊಳೆತ ಹೆಣದಲ್ಲಿ ಬೊಟುಲಿಸಂ ವಿಷ ಹುಟ್ಟಿ, ಅದು ಹುಳುಗಳ ಮೂಲಕ ಹಕ್ಕಿಗಳ ಹೊಟ್ಟೆ ಸೇರುತ್ತದೆ. 2019ರಲ್ಲಿ ರಾಜಸ್ಥಾನದ ಸಾಂಭರ್ ಸರೋವರದಲ್ಲಿ ಸಾವಿರಾರು ಹಕ್ಕಿಗಳು ಸತ್ತದ್ದು ಈ ಕಾಯಿಲೆಯಿಂದ. ನೀರಿನ ಪರೀಕ್ಷೆಗೆ ಬರುವವರಿಗೆ ಬೆಳಗಿನ ಐದೂವರೆಗೆ ಬರಲು ಹೇಳಿ. ಮಧ್ಯಾಹ್ನ ಬಂದು ಬಾಟಲಿ ಅದ್ದಿದರೆ ಪಾಚಿಯ ಕೃಪೆಯಿಂದ ಆಮ್ಲಜನಕ ಧಾರಾಳವಾಗಿ ಕಾಣುತ್ತದೆ, ವರದಿ ಸೊಗಸಾಗಿ ಬರುತ್ತದೆ, ಮೀನು ಮತ್ತೆ ಸಾಯುತ್ತದೆ. ಆಮೇಲೆ ಚರಂಡಿ ತಿರುಗಿಸುವ ಕೆಲಸಕ್ಕೆ ಪಂಚಾಯಿತಿಯ ಬೆನ್ನು ಹತ್ತಿ. ಅದಕ್ಕೆ ವರ್ಷಗಳು ಹಿಡಿಯುತ್ತವೆ, ಅಷ್ಟರಲ್ಲಿ ಇನ್ನೆರಡು ಬಾರಿ ಮೀನು ಸತ್ತರೂ ಆಶ್ಚರ್ಯವಿಲ್ಲ.

ಪ್ರಶ್ನೆ: ಸೊಳ್ಳೆ ಕಾಟಕ್ಕೆ ಕೆರೆಗೆ ಗ್ಯಾಂಬೂಸಿಯಾ ಮೀನು ಬಿಡಬಹುದೇ?

ಉತ್ತರ: ಬೇಡ. ಹೊರದೇಶದಿಂದ ತಂದ ಈ ಮೀನು ಸೊಳ್ಳೆಯ ಮರಿಯನ್ನಷ್ಟೇ ಅಲ್ಲ, ಕಪ್ಪೆಯ ಗೊದಮೊಟ್ಟೆಯನ್ನೂ ನಮ್ಮ ಮೀನುಗಳ ಮರಿಯನ್ನೂ ತಿನ್ನುತ್ತದೆ. ಡೆಂಗಿಯ ಸೊಳ್ಳೆ ಹುಟ್ಟುವುದು ನಿಮ್ಮ ಹಿತ್ತಲಿನ ಹಳೆಯ ಟೈರಿನಲ್ಲಿ, ಕೆರೆಯಲ್ಲಲ್ಲ.

ಪ್ರಶ್ನೆ: ಅಂತರಗಂಗೆಯನ್ನು (ವಾಟರ್ ಹಯಸಿಂತ್ ಕಳೆಯನ್ನು) ತಿನ್ನುವ ಹುಳು ಇದೆಯಂತೆ, ನಿಜವೇ?

ಉತ್ತರ: ನಿಜ. ನಿಯೋಕೆಟಿನಾ ಎಂಬ ಸೊಂಡಿಲು ಕೀಟವನ್ನು 1980ರ ದಶಕದಲ್ಲಿಯೇ ಬೆಂಗಳೂರಿನ ಕೆರೆಗಳಲ್ಲಿ ಬಿಡಲಾಗಿತ್ತು, ಅದು ಕೆಲಸವನ್ನೂ ಮಾಡಿತು. ಆದರೆ ಚರಂಡಿ ಊಡಿಸಿದಷ್ಟು ವೇಗವಾಗಿ ತಿನ್ನುವ ಕೀಟ ಯಾವುದೂ ಇಲ್ಲ.

ಪ್ರಶ್ನೆ: ನೀರುಕಾಗೆ, ಹೆಜ್ಜಾರ್ಲೆಗಳು ಮೀನು ಖಾಲಿ ಮಾಡುತ್ತಿವೆ. ಪಟಾಕಿ ಹೊಡೆದು ಓಡಿಸಬಹುದೇ?

ಉತ್ತರ: ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿಗೆ ಒಮ್ಮೆ ಹೋಗಿ, ಹೆಜ್ಜಾರ್ಲೆ ಗೂಡು ಕಟ್ಟಿದ ಮರದ ಕೆಳಗಿನ ಹಿಕ್ಕೆಯನ್ನು ರೈತರು ಏನು ಮಾಡುತ್ತಾರೆಂದು ಕೇಳಿ ಬನ್ನಿ. ಗೊಬ್ಬರ ಮಾಡಿ ಹೊಲಕ್ಕೆ ಹಾಕುತ್ತಾರೆ. ಕೆರೆಯ ರಂಜಕವನ್ನು ಹೀಗೆ ಹೊಲಕ್ಕೆ ಸಾಗಿಸುವ ಹಕ್ಕಿಯನ್ನು ಓಡಿಸುವುದೇಕೆ?

ಪ್ರಶ್ನೆ: ಮನೆಯಲ್ಲಿ ಸಾಕಿದ ಕೆಂಪುಕಿವಿಯ ಆಮೆ ದೊಡ್ಡದಾಗಿದೆ, ಕೆರೆಗೆ ಬಿಟ್ಟರೆ ಪುಣ್ಯವಲ್ಲವೇ?

ಉತ್ತರ: ಅಲ್ಲ. ಅಮೆರಿಕದಿಂದ ಬಂದ ಆ ಆಮೆಯನ್ನು ತಂದವರು ನೀವು, ಅದು ಬದುಕಿರುವವರೆಗೂ ನೀವೇ ಸಾಕಿ.